ಚಂದ್ರಕಾಳಿ ಸೀರೆಯ ನಿರಿಗೆಗಳು

“ಕೈ ಎರಡು ಅದಾವು, ಮಾರಿ ಒಂದು ಅದ. ನಡುವ ಇದೇನು, ಇದ್ದಲಿ ಚೀಲ ಇಟ್ಟೀಯೇನ?”

ಹಾಲವ್ವಜ್ಜಿ ಫೋಟೋವನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದರು. ಚೇತನಾಗೆ ನಗು ಬರಲಿಲ್ಲ. ಇದ್ದಲಿ ಚೀಲದ ಹಾಗೆ ಕಾಣುತ್ತಿದ್ದುದು ಅಜ್ಜಿಯ ಚಂದ್ರಕಾಳಿ ಸೀರೆ. ಕಪ್ಪು ಮೈ, ಸಣ್ಣ ಸಣ್ಣ ಗೆರೆ, ಅಗಲವಾದ ಅಂಚು. ಫೋಟೋ ತೆಗೆಯುತ್ತೇನೆ ಎಂದು ಚೇತನಾ ಹೇಳಿದ ದಿನ ಅಜ್ಜಿ ಅದನ್ನು ಟ್ರಂಕಿನ ತಳದಿಂದ ಹುಡುಕಿ ತೆಗೆದು ಉಟ್ಟಿದ್ದರು. ಉಟ್ಟು, ಕಿಟಕಿಯ ಪಕ್ಕ ಕೂತು, ಕೌದಿ ಹೊಲಿದಿದ್ದರು.

ಕಂಪ್ಯೂಟರಿನಲ್ಲಿ ಆ ಫೋಟೋ ಎಷ್ಟು ಚೆನ್ನಾಗಿತ್ತು. ಸೆರಗಿನ ನಿರಿಗೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಪ್ರಿಂಟಿನಲ್ಲಿ ನಿರಿಗೆಯೇ ಇರಲಿಲ್ಲ. ಸೋಮವಾರ ಶಾಲೆಯಲ್ಲಿ ಬ್ಲ್ಯಾಕ್ ಅಂಡ್ ವೈಟ್ ಫೋಟೋಗಳ ಪ್ರದರ್ಶನ. ಅಜ್ಜಿಯೂ ನೋಡಲು ಬರುವವರಿದ್ದರು.

“ಇನ್ನೊಂದ್ಸಲ ಪ್ರಿಂಟ್ ಹಾಕಿಸ್ತೀನಿ ಅಜ್ಜಿ. ಸೀರೆ ಕಾಣ್ಲೇಬೇಕು,” ಅಂದಳು ಚೇತನಾ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಅವಳು ಅಪ್ಪನನ್ನು ಹೊರಡಿಸಿಕೊಂಡು ಚಂದ್ರಾ ಲೇಔಟಿನಿಂದ ವಿಜಯನಗರದ ಫೋಟೋ ಲ್ಯಾಬಿಗೆ ಹೋದಳು. ಲ್ಯಾಬಿನ ಶ್ಯಾಮಸುಂದರ ಅಂಕಲ್ ಪ್ರಿಂಟನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದರು. ಆಮೇಲೆ ಅದೇ ಫೋಟೋವನ್ನು ತಮ್ಮ ಮಾನಿಟರಿನಲ್ಲಿ ತೆರೆದು ತೋರಿಸಿದರು. ಅಲ್ಲೂ ಇದ್ದಲಿ ಚೀಲವೇ.

“ಪ್ರಿಂಟ್ ತಪ್ಪಿಲ್ಲಮ್ಮ. ನಿಮ್ಮನೆ ಮಾನಿಟರ್ ಸುಳ್ಳು ಹೇಳ್ತಾ ಇದೆ,” ಅಂದರು ಅಂಕಲ್. “ಇಲ್ಲದ ಬೆಳಕನ್ನ ಇದೆ ಅಂತ ತೋರಿಸ್ತಿದೆ. ಅದನ್ನ ನಂಬ್ಕೊಂಡು ನೀನು ಫೋಟೋನ ಹಾಗೇ ಬಿಟ್ಟಿದೀಯ.”

ಅವರು ಒಂದು ಫ್ಲಾಪಿ ಮತ್ತು ಒಂದು ಉದ್ದನೆಯ ಪ್ರಿಂಟ್ ಕೊಟ್ಟರು. ಪ್ರಿಂಟಿನ ತುಂಬ ಸಾಲಾಗಿ ಇಪ್ಪತ್ತೊಂದು ಚೌಕಗಳು. ಎಡತುದಿಯಲ್ಲಿ ಕಡುಕಪ್ಪು, ಬಲತುದಿಯಲ್ಲಿ ಅಚ್ಚ ಬಿಳಿ, ನಡುವೆ ಮೆಟ್ಟಿಲು ಮೆಟ್ಟಿಲಾಗಿ ಬೂದು. ಫ್ಲಾಪಿಯಲ್ಲಿ ಅದೇ ಚಿತ್ರ. ಅದನ್ನು ತೆರೆದು ಮಾನಿಟರನ್ನು ಸರಿಮಾಡುವುದು ಹೇಗೆಂದೂ ಹೇಳಿದರು. ಮಾನಿಟರನ್ನು ಅರ್ಧ ಗಂಟೆ ಮೊದಲೇ ಆನ್ ಮಾಡಿಡಬೇಕು. ಅದರ ಮೇಲೆ ಬೇರೆ ಬೆಳಕು ಬೀಳಬಾರದು. ಬ್ರೈಟ್‌ನೆಸ್ ಪೂರ್ತಿ ಇಳಿಸಿ, ಮೆಲ್ಲಗೆ ಏರಿಸಬೇಕು. ಮೊದಲ ಚೌಕ ಪೂರ್ತಿ ಕಪ್ಪಾಗಿರಬೇಕು, ಎರಡನೆಯದು ಅದರಿಂದ ಕೂದಲೆಳೆಯಷ್ಟು ಬೇರೆ ಕಾಣಬೇಕು. ಅಲ್ಲಿ ನಿಲ್ಲಿಸಬೇಕು. ಚೇತನಾ ಎಲ್ಲವನ್ನೂ ರಫ್ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಭಾನುವಾರ ತಿಂಡಿ ಮುಗಿದದ್ದೇ ತಡ, ಮುಂದಿನ ಕೋಣೆ ಅವಳದಾಯಿತು. ಅದು ಅಪ್ಪ ದೇವೇಂದ್ರಪ್ಪ ಮದುವೆ ಕಾರ್ಡುಗಳನ್ನು ಕಂಪೋಸ್ ಮಾಡುವ ಕೋಣೆ. ಕಂಪ್ಯೂಟರಿನಲ್ಲಿ ಬ್ರೈಟ್‌ನೆಸ್ ನೂರಕ್ಕೆ ನೂರಿತ್ತು. ಇದು ಅಣ್ಣ ವೀರೇಶನ ಕೆಲಸ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಕತ್ತಲ ಸುರಂಗದೊಳಗೆ ಓಡುವ ಒಂದು ಗೇಮ್ ಅವನಿಗೆ ಪ್ರಾಣ.

“ಬ್ರೈಟ್‌ನೆಸ್ ಇಳಿಸಿದ್ರೆ ಶತ್ರುಗಳು ಕಾಣಲ್ಲ ಕಣೇ,” ಅಂದ ವೀರೇಶ.

“ಏರಿಸಿದ್ರೆ ಪ್ರಿಂಟಲ್ಲಿ ಅಜ್ಜಿ ಸೀರೆ ಕಾಣಲ್ಲ.”

ಅವನು ಗೊಣಗುತ್ತ ಕ್ರಿಕೆಟ್ ಆಡಲು ಹೋದ. ಚೇತನಾ ಅಜ್ಜಿಯ ಕೌದಿಯೊಂದನ್ನು ಕಿಟಕಿಗೆ ಕಟ್ಟಿದಳು. ಕೋಣೆ ಕತ್ತಲಾಯಿತು. ಆದರೆ ಕತ್ತಲಲ್ಲಿ ಕೈಯಲ್ಲಿದ್ದ ಚೌಕಗಳ ಪ್ರಿಂಟ್ ಕಾಣುತ್ತಿರಲಿಲ್ಲ. ಅದನ್ನು ನೋಡಲು ಅಡುಗೆಮನೆಯ ಬಾಗಿಲಿಗೆ ಓಡಬೇಕು, ನೆನಪಿಟ್ಟುಕೊಂಡು ವಾಪಸು ಬರಬೇಕು. ಹೀಗೆ ಎಷ್ಟು ಸಲ ಓಡಿದಳೋ, ಅಮ್ಮ ಗುರುದೇವಿ ಚಪಾತಿ ಹಿಟ್ಟು ಕಲಸುತ್ತಲೇ ನಿನಗೇನಾಗಿದೆ ಎಂದು ಕೇಳಿದರು.

ಕೆಲಸ ಕೂಡಿಬರಲಿಲ್ಲ. ಮೊದಲ ಚೌಕವನ್ನು ಕಪ್ಪು ಮಾಡಿದರೆ ಅದರ ಜೊತೆ ಇನ್ನೂ ಮೂರು ಚೌಕ ಮುಳುಗಿಹೋಗುತ್ತಿದ್ದವು. ಅವನ್ನು ಮೇಲೆತ್ತಿದರೆ ಮೊದಲನೆಯದು ಮಾಸಲಾಗುತ್ತಿತ್ತು. ಬೆಳಗಿನಿಂದ ನೋಟ್‌ಬುಕ್ಕಿನಲ್ಲಿ ಬ್ರೈಟ್‌ನೆಸ್ಸಿನ ಹದಿನಾಲ್ಕು ಅಂಕಿ ಬರೆದು ಹದಿನಾಲ್ಕನ್ನೂ ಹೊಡೆದುಹಾಕಿದ್ದಾಯಿತು.

ಹದಿನೈದನೆಯದನ್ನು ಬರೆಯುವ ಮೊದಲು ಅವಳು ಸುಮ್ಮನೆ ನೋಟ್‌ಬುಕ್ಕನ್ನು ಮಾನಿಟರಿಗೆ ಒರಗಿಸಿದಳು. ಅದು ಬಿಳಿ ಚೌಕಗಳನ್ನು ಮುಚ್ಚಿತು. ಇನ್ನೊಂದು ತುದಿಯ ಕಪ್ಪು ಚೌಕ ಇನ್ನಷ್ಟು ಕಪ್ಪಾದ ಹಾಗೆ ಕಂಡಿತು.

ನೋಟ್‌ಬುಕ್ ತೆಗೆದಳು. ಮಾಸಲು. ಇಟ್ಟಳು. ಕಪ್ಪು.

ಅಂದರೆ ಬಿಳಿ ಚೌಕದ ಬೆಳಕು ಕಪ್ಪು ಚೌಕದವರೆಗೂ ಹರಡಿಕೊಳ್ಳುತ್ತಿದೆ. ಯಾವುದರ ಮೇಲೆ ಹರಡಿಕೊಳ್ಳುತ್ತಿದೆ? ಚೇತನಾ ಕೆನ್ನೆಯನ್ನು ಗಾಜಿಗೆ ತಾಗುವಷ್ಟು ಹತ್ತಿರ ತಂದು ಪಕ್ಕದಿಂದ ನೋಡಿದಳು. ಗಾಜಿನ ತುಂಬ ತೆಳ್ಳನೆಯ ಬಿಳಿ ಪುಡಿ. ಅದರಲ್ಲಿ ಬಟ್ಟೆ ಎಳೆದ ಗುರುತು.

ಅವಳಿಗೆ ತಕ್ಷಣ ಗೊತ್ತಾಯಿತು. ಅದು ವಿಭೂತಿ.

ಪ್ರತಿ ಸೋಮವಾರ ಪೂಜೆ ಮುಗಿಸಿ ಅಜ್ಜಿ ಹೊಸ್ತಿಲಿಗೆ, ಬೀರುವಿಗೆ, ಅಪ್ಪನ ಸ್ಕೂಟರಿಗೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಅದರ ಹಣೆಗೂ. ಅದು ಮನೆಗೆ ಅನ್ನ ಹಾಕುವ ಯಂತ್ರ ಎನ್ನುವುದು ಅಜ್ಜಿಯ ಮಾತು. ಹಣೆ ಎಂದರೆ ಗಾಜಿನ ಮೇಲ್ಭಾಗ. ಒದ್ದೆ ಬಟ್ಟೆ ತಾಗಿಸಿದರೆ ಶಾಕ್ ಹೊಡೆಯುತ್ತದೆಂದು ಅಮ್ಮನಿಗೆ ಭಯ, ಹಾಗಾಗಿ ದಿನವೂ ಒಣಬಟ್ಟೆಯಲ್ಲೇ ಧೂಳು ಒರೆಸುತ್ತಿದ್ದರು. ಪುಡಿ ಗಾಜಿನ ಉದ್ದಗಲಕ್ಕೂ ಹರಡಿ ಕೂತಿತ್ತು. ಎರಡು ವರ್ಷದ ಸೋಮವಾರಗಳು.

ಅಜ್ಜಿ ಹಿತ್ತಲಿನಲ್ಲಿದ್ದರು. ಅಮ್ಮ ಒಲೆಯ ಮುಂದೆ. ಒಂದೇ ನಿಮಿಷ ಸಾಕಿತ್ತು. ಚೇತನಾ ಕರವಸ್ತ್ರ ಒದ್ದೆ ಮಾಡಿಕೊಂಡು ಬಂದಳು. ಗಾಜಿನ ಮುಂದೆ ಕೈ ಎತ್ತಿದಳು. ಮೇಲ್ಭಾಗದಲ್ಲಿ ಹೋದ ಸೋಮವಾರದ ಮೂರು ಗೆರೆ ಇನ್ನೂ ಮಸುಕಾಗಿ ಉಳಿದಿದ್ದವು. ಅಜ್ಜಿಯ ಬೆರಳಿನಷ್ಟೇ ಸಣ್ಣ ಗೆರೆಗಳು.

ಅವಳು ಕೈ ಇಳಿಸಿದಳು. “ಅಜ್ಜೀ, ಸ್ವಲ್ಪ ಇಲ್ಲಿ ಬರ್ತೀರಾ?”

ಅಜ್ಜಿ ಬಂದು ಕುರ್ಚಿಯಲ್ಲಿ ಕೂತರು. ಚೇತನಾ ನೋಟ್‌ಬುಕ್ಕನ್ನು ಇಟ್ಟು, ತೆಗೆದು, ಮತ್ತೆ ಇಟ್ಟು ತೋರಿಸಿದಳು. ಕೌದಿಗೆ ತುಂಡುಬಟ್ಟೆ ಹೊಂದಿಸಿ ಹೊಂದಿಸಿ ಪಳಗಿದ ಕಣ್ಣು ಅದು. “ಇದು ಕರೀದು. ಇದು ಕರೀದಲ್ಲ, ಮಾಸೇದ,” ಅಂದರು ಅಜ್ಜಿ. ಆಮೇಲೆ ಬಗ್ಗಿ ಗಾಜನ್ನು ಪಕ್ಕದಿಂದ ನೋಡಿದರು. ಬಹಳ ಹೊತ್ತು ನೋಡಿದರು.

“ಇದು ನಾ ಹಚ್ಚಿದ್ದು.”

“ಹೂಂ ಅಜ್ಜಿ.”

“ನನ್ನ ಸೀರಿ ನಾನಽ ಮುಚ್ಚೀನೇನ ಹಂಗಾದ್ರ?”

“ನೀವೊಬ್ರೇ ಅಲ್ಲ. ವೀರೇಶಣ್ಣ ಬ್ರೈಟ್‌ನೆಸ್ ಏರಿಸಿಟ್ಟಿದ್ದ. ಕಿಟಕಿ ಬೆಳಕು ಬೇರೆ. ನಾನೂ ಸರಿಯಾಗಿ ನೋಡ್ಲಿಲ್ಲ.”

ಅಜ್ಜಿ ಚೇತನಾಳ ಕೈಯಲ್ಲಿದ್ದ ಒದ್ದೆ ಕರವಸ್ತ್ರದ ಕಡೆ ಒಮ್ಮೆ ನೋಡಿದರು. “ಆರಿಸು ಅದನ್ನ,” ಅಂದರು. ಚೇತನಾ ಸ್ವಿಚ್ ಆಫ್ ಮಾಡಿ ಪ್ಲಗ್ಗನ್ನೂ ಕಿತ್ತಳು. ಅಜ್ಜಿ ಕರವಸ್ತ್ರ ತೆಗೆದುಕೊಂಡು, ನೀರೆಲ್ಲ ಹಿಂಡಿ, ಮೊಮ್ಮಕ್ಕಳ ಮುಖ ಒರೆಸುವ ಹಾಗೆ ಗಾಜನ್ನು ತಾವೇ ಒರೆಸಿದರು. ಕರವಸ್ತ್ರ ಬೂದಿಬಣ್ಣವಾಯಿತು. ಅದನ್ನು ಚೊಂಬಿನ ನೀರಿನಲ್ಲಿ ಜಾಲಿಸಿ, ಆ ನೀರನ್ನು ಬಚ್ಚಲಿಗೆ ಚೆಲ್ಲದೆ ಪತ್ರೆ ಗಿಡದ ಬುಡಕ್ಕೆ ಹಾಕಿ ಬಂದರು.

ಮತ್ತೆ ಆನ್ ಮಾಡಿ, ಅರ್ಧ ಗಂಟೆ ಮಾನಿಟರ್ ಬಿಸಿಯಾಗಲಿ ಎಂದು ಇಬ್ಬರೂ ಕತ್ತಲಲ್ಲಿ ಕೂತರು. ಆಮೇಲೆ ಚೇತನಾ ಬ್ರೈಟ್‌ನೆಸ್ಸನ್ನು ಪೂರ್ತಿ ಇಳಿಸಿ, ಒಂದೊಂದೇ ಅಂಕಿ ಏರಿಸತೊಡಗಿದಳು. ಮೊದಲ ಚೌಕ ಕಪ್ಪಾಗಿಯೇ ಕೂತಿತ್ತು. ಅದರ ಪಕ್ಕ, ಇದೆಯೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ, ಎರಡನೆಯದು ಬೇರೆಯಾಯಿತು.

“ಬಂತು,” ಅಂದರು ಅಜ್ಜಿ, ಅವಳಿಗಿಂತ ಮೊದಲು.

ನಲವತ್ತಮೂರು. ಚೇತನಾ ಆ ಅಂಕಿಯ ಸುತ್ತ ಎರಡು ಗೆರೆಯ ಚೌಕ ಬರೆದಳು. ಮಾನಿಟರಿನ ಗುಂಡಿಗಳ ಮೇಲೆ ಟೇಪ್ ಅಂಟಿಸಿ ‘ವೀರೇಶಣ್ಣ ಮುಟ್ಟಬಾರದು’ ಎಂದು ಬರೆದಳು. ಆಮೇಲೆ ಫೋಟೋ ತೆರೆದಳು.

ಪರದೆಯ ಮೇಲೂ ಈಗ ಇದ್ದಲಿ ಚೀಲವೇ ಇತ್ತು. ತಾನು ಎಷ್ಟೋ ಸಲ ಎಣಿಸಿದ ನಿರಿಗೆ ಒಂದೂ ಇಲ್ಲ. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು ಮೌಸ್ ಹಿಡಿದಳು. ಏನು ಕಡಿಮೆ ಇದೆ ಎನ್ನುವುದು ಈಗ ಕಾಣುತ್ತಿತ್ತಲ್ಲ. ಅಪ್ಪ ಹೇಳಿಕೊಟ್ಟ ಹಾಗೆ ಕಪ್ಪು ಭಾಗಗಳನ್ನು ಮಾತ್ರ ಒಂದಿಷ್ಟೇ ಎತ್ತುತ್ತ ಹೋದಳು. ನಿರಿಗೆಗಳು ನಿಧಾನವಾಗಿ, ಸುಳ್ಳಿಲ್ಲದೆ, ಹೊರಗೆ ಬಂದವು.

“ಸಾಕು. ಇನ್ನೂ ಎತ್ತಿದ್ರ ಸೀರಿ ಬಣ್ಣ ಹೋದಂಗ ಕಾಣ್ತದ,” ಅಂದರು ಅಜ್ಜಿ. ಆಮೇಲೆ ಸೆರಗಿನ ಹತ್ತಿರ ಬೆರಳಿಟ್ಟರು. “ಇಲ್ಲಿ ತ್ಯಾಪಿ ಹಚ್ಚಿದ್ದೂ ಕಾಣಾಕತ್ತೇದ ನೋಡು.”

“ಅಳಿಸಿಬಿಡ್ಲಾ?”

“ಬ್ಯಾಡ. ನಾನಽ ಹೊಲದದ್ದು.”

ಸಂಜೆ ಲ್ಯಾಬಿನಲ್ಲಿ ಶ್ಯಾಮಸುಂದರ ಅಂಕಲ್ ಹೊಸ ಪ್ರಿಂಟನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ತಲೆದೂಗಿ ಕವರಿಗೆ ಹಾಕಿ ಕೊಟ್ಟರು. ಮನೆಗೆ ಬಂದಾಗ ಅಜ್ಜಿ ನಿರಿಗೆ ಎಣಿಸಿದರು. ಏಳು.

ಸೋಮವಾರ ಬೆಳಿಗ್ಗೆ ಚೇತನಾ ಪ್ರಿಂಟನ್ನು ಅಟ್ಲಾಸಿನೊಳಗೆ ಜೋಪಾನವಾಗಿಟ್ಟು ಬ್ಯಾಗ್ ಮುಚ್ಚುತ್ತಿದ್ದಳು. ಅಜ್ಜಿ ಹೊಸ್ತಿಲಿಗೆ, ಬೀರುವಿಗೆ ವಿಭೂತಿ ಹಚ್ಚಿ ಕಂಪ್ಯೂಟರಿನ ಮುಂದೆ ಬಂದು ನಿಂತರು. ಮೂರು ಬೆರಳು ಗಾಜಿನವರೆಗೂ ಹೋಗಿ, ಅಲ್ಲೇ ನಿಂತವು. ತೊಳೆದಿಟ್ಟ ಕನ್ನಡಿಯ ಹಾಗಿದ್ದ ಆ ಗಾಜಿನಲ್ಲಿ ಅಜ್ಜಿಯ ಮುಖ ಕಾಣುತ್ತಿತ್ತು.

ಚೇತನಾ ಬ್ಯಾಗನ್ನು ಕೆಳಗಿಟ್ಟಳು. ಮಾನಿಟರಿನ ನೆತ್ತಿಯ ಮೇಲಿದ್ದ ಪೆನ್ ಸ್ಟ್ಯಾಂಡು, ಅಪ್ಪನ ಮದುವೆ ಕಾರ್ಡುಗಳ ಕಟ್ಟು, ಎಲ್ಲವನ್ನೂ ಎತ್ತಿ ಪಕ್ಕಕ್ಕಿಟ್ಟಳು. ಅಲ್ಲಿದ್ದ ಧೂಳನ್ನು ಅಂಗೈಯಿಂದ ಒರೆಸಿ, ಅಜ್ಜಿಯ ಕೈ ತಲುಪುವ ಹಾಗೆ ಮಾನಿಟರನ್ನು ಸ್ವಲ್ಪ ಮುಂದಕ್ಕೆ ಎಳೆದು, ಆ ಮೂರು ಬೆರಳಿಗಾಗಿ ಕಾಯುತ್ತ ನಿಂತಳು.