ಜಂಬುಘೋಡಾ ಕಣಿವೆಯಲ್ಲಿ ಒಂದು ತುಂಬು ಉಸಿರು

ಕತ್ತಲಾಗುವ ಮೊದಲು ಹರಿಪ್ರಸಾದನನ್ನು ಜಂಬುಘೋಡಾದ ಕಣಿವೆಯಿಂದ ರಸ್ತೆಗೆ ತರಬೇಕು. ಗಿರಿಜಾ ಹೊರಟದ್ದು ಅಷ್ಟಕ್ಕೇ. ಅವಳು ವಡೋದರಾದಲ್ಲಿ ಅರಿವಳಿಕೆ ವೈದ್ಯೆ. ಅವನು ಅವಳ ಗಂಡ, ಅಹಮದಾಬಾದಿನ ನವರಂಗಪುರದಲ್ಲಿ ಉಡುಪಿ ಹೋಟೆಲು ನಡೆಸುವವನು. ಅವಳ ಆಸ್ಪತ್ರೆಗೂ ರಜೆಯಿಲ್ಲ, ಅವನ ಒಲೆಗೂ ರಜೆಯಿಲ್ಲ. ಮದುವೆಯಾದ ಮೇಲೆ ಇಬ್ಬರೂ ಫೋನಿನಲ್ಲಿ ಸಂಸಾರ ಮಾಡಿದ್ದೇ ಹೆಚ್ಚು. ದೀಪಾವಳಿಗೆ ಹೋಟೆಲು ಮುಚ್ಚಿದಾಗ ಒಟ್ಟಿಗೆ ಕಾಡು ಸುತ್ತುವುದೆಂದು ಮಾತಾಗಿತ್ತು. ಅವಳಿಗೆ ಡ್ಯೂಟಿ ಬಿತ್ತು. ಅವನು ಅಡುಗೆಯ ಗಣಪತಿಯನ್ನು ಕರೆದುಕೊಂಡು ಹೋದ. ಅಕಾಲ ಮಳೆಗೆ ನೆನೆದ ಬಂಡೆಯಿಂದ ಜಾರಿಬಿದ್ದ.

ಗಣಪತಿ ಗುಡ್ಡ ಹತ್ತಿ ಫೋನ್ ಮಾಡಿದ್ದ. ಆಂಬುಲೆನ್ಸು ರಸ್ತೆ ಮುಗಿದಲ್ಲಿ ನಿಂತಿತು. ಮುಂದೆ ಅರಣ್ಯ ಕಾವಲುಗಾರ ರಾಠವಾ, ಹಿಂದೆ ಸ್ಟ್ರೆಚರ್ ಹೊತ್ತ ಆಸ್ಪತ್ರೆಯ ತಂತ್ರಜ್ಞ ನಿತಿನ್, ನಡುವೆ ಬೆನ್ನಿಗೆ ಚೀಲ ಏರಿಸಿದ ಗಿರಿಜಾ. ಸಾಗವಾನಿಯ ಅಗಲ ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಬಿದಿರು ಮೆಳೆಗಳಾಚೆ ಕಣಿವೆ ಹಸಿರಾಗಿ, ಆಳವಾಗಿ ತೆರೆದುಕೊಂಡಿತ್ತು. ಈ ದಾರಿಯಲ್ಲಿ ಅವನ ಕೈಹಿಡಿದು ನಡೆಯಬೇಕಿತ್ತು ಎಂದು ಅವಳ ಜೀವ ಹಪಹಪಿಸಿತು.

ತೊರೆ ಕೆಂಪಗೆ ಉಕ್ಕುತ್ತಿತ್ತು.

ರಾಠವಾ ಹಗ್ಗ ಬಿಗಿದ. ಗಿರಿಜಾ ಇಳಿದಳು. ನೀರು ಸೊಂಟಕ್ಕೆ ಬಂತು. ಕಾಲು ಜಾರಿತು. ಚೀಲವನ್ನು ತಲೆಯ ಮೇಲೆತ್ತಿ ಹಿಡಿದಳು. ನಿತಿನ್ ರಟ್ಟೆ ಹಿಡಿದು ಎಳೆದು ದಡ ಮುಟ್ಟಿಸಿದ.

ಹರಿಪ್ರಸಾದ ಬಂಡೆಗೆ ಒರಗಿದ್ದ. ತುಟಿ ನೀಲಿಯಾಗಿತ್ತು. ಎದೆಗೆ ಬೈರಾಸು, ಅಡುಗೆಯವರ ಹೆಗಲ ಮೇಲಿನ ಟವೆಲು, ಬಿಗಿದಿತ್ತು. ದೊಡ್ಡ ಪಾತ್ರೆ ಎತ್ತುವಾಗ ಹೋಟೆಲಿನ ಅಡುಗೆಯವರು ಸೊಂಟಕ್ಕೆ ಕಟ್ಟುತ್ತಾರಲ್ಲ, ಗಣಪತಿ ಅದೇ ಉಪಾಯ ಮಾಡಿದ್ದ.

"ಬಿಚ್ಚಿ ಗಣಪತಿಯಣ್ಣ. ಅವರಿಗೆ ಉಸಿರಾಡ್ಲಿಕ್ಕೆ ಜಾಗ ಬೇಡವಾ?"

"ಬಿಗಿದ್ರೆ ನೋವು ಕಮ್ಮಿ ಆಗ್ತದೆ ಅಂತ ಮಾಡಿದ್ದು ಅಕ್ಕ."

ಬಿಚ್ಚಿದರೂ ಹರಿಪ್ರಸಾದ ಗುಟುಕು ಗುಟುಕಾಗಿಯೇ ಉಸಿರೆಳೆದ. ಎಡಪಕ್ಕೆಯ ಎಲುಬುಗಳು ಮುರಿದಿದ್ದವು. ಸ್ಟ್ರೆಚರ್ ಕುಲುಕಿದರೆ ನೋವಿಗೆ ತೊರೆ ದಾಟುವುದರೊಳಗೆ ಉಸಿರು ಸೋಲಬಹುದು; ಮಂಪರು ತರುವ ಮದ್ದು ಕೊಟ್ಟರೆ ಇರುವ ಉಸಿರೂ ಕುಗ್ಗೀತು. ಪಕ್ಕೆಯ ನರಗಳನ್ನಷ್ಟೇ ಮರಗಟ್ಟಿಸಬೇಕು. ಅವಳು ಪುಟ್ಟ ಸ್ಕ್ಯಾನರ್ ಇಟ್ಟು ನೋಡಿದಳು. ಪುಣ್ಯಕ್ಕೆ ಶ್ವಾಸಕೋಶಕ್ಕೆ ತೂತು ಬಿದ್ದಿರಲಿಲ್ಲ. ಇನ್ನು ಮದ್ದಿನ ಪ್ರಮಾಣ. ಅದು ತೂಕಕ್ಕೆ ತಕ್ಕಂತಿರಬೇಕು, ಹೆಚ್ಚಾದರೆ ಹೃದಯಕ್ಕೇ ಅಪಾಯ.

"ತೂಕ ಎಷ್ಟು ಈಗ?"

"ಎಪ್ಪತ್ತೆರಡು..."

ಅವಳು ಅವನ ಬೆಲ್ಟು ಮುಟ್ಟಿ ನೋಡಿದಳು. ಹೊಸದಾಗಿ ತೂತು ಕೊರೆದಿದ್ದ, ಅದರಾಚೆ ಇನ್ನೊಂದು.

"ಸುಳ್ಳು ಬೇಡ ಮಾರಾಯ್ರೇ. ಊಟ ಮಾಡುದಿಲ್ವಾ?"

"ಒಬ್ಬನೇ ಕೂತರೆ... ಸೇರುದಿಲ್ಲ."

ಊರಿಗೆಲ್ಲ ಬಡಿಸುವವನು. ಗಂಡನ ತೂಕವೇ ಗೊತ್ತಿಲ್ಲದ ಹೆಂಡತಿಯಾದೆನಲ್ಲ ಎಂದು ಅವಳ ಕಣ್ಣು ತುಂಬಿತು. ಅಳುತ್ತಾ ಸೂಜಿ ಹಿಡಿಯಲಾಗದು. ಕಣ್ಣೊರೆಸಿಕೊಂಡು ಅರವತ್ತು ಕಿಲೋದ ಲೆಕ್ಕಕ್ಕೆ ಮದ್ದಿನ ಪ್ರಮಾಣ ಇಳಿಸಿದಳು. ಸ್ಕ್ಯಾನರಿನ ಪರದೆಯಲ್ಲಿ ಸ್ನಾಯುಗಳ ಪದರದ ನಡುವೆ ಸೂಜಿಯ ಮೊನೆ ಕಂಡಾಗ ಸ್ವಲ್ಪ ಸ್ವಲ್ಪವಾಗಿ ತಳ್ಳಿದಳು.

"ನಾಲಿಗೆ ಜುಮ್ಮೆನ್ತದಾ?" ಮದ್ದು ಹೆಚ್ಚಾದರೆ ಮೊದಲು ತಿಳಿಯುವುದು ನಾಲಿಗೆಗೆ.

"ಇಲ್ಲ."

ಕಾದರು. ಬಿಸಿಲು ಗುಡ್ಡದ ನೆತ್ತಿಗೆ ಸರಿಯಿತು.

"ಈಗ ಕೆಮ್ಮಿ."

ಹೆದರುತ್ತಲೇ ಕೆಮ್ಮಿದ. ಮತ್ತೆ ಕೆಮ್ಮಿದ. ಆಮೇಲೆ ಎದೆ ತುಂಬ ಉಸಿರೆಳೆದ. ತುಟಿಗೆ ನಿಧಾನವಾಗಿ ಬಣ್ಣ ಬಂತು.

"ಗುಣ ಆಯ್ತು, ನಾನೇ ನಡೀತೇನೆ."

"ನೋವು ಮಾತ್ರ ಹೋದದ್ದು. ಎಲುಬು ಮುರಿದೇ ಉಂಟು. ಸುಮ್ನೆ ಮಲಗಿ."

ನಾಲ್ವರೂ ಸ್ಟ್ರೆಚರಿಗೆ ಹೆಗಲು ಕೊಟ್ಟರು. ತೊರೆಯ ನಡುವೆ ಗಣಪತಿ ಮುಗ್ಗರಿಸಿದ. ಸ್ಟ್ರೆಚರ್ ವಾಲಿತು. ಗಿರಿಜಾ ಎರಡೂ ಕೈಯಿಂದ ಎತ್ತಿ ಹಿಡಿದಳು. ಹರಿಪ್ರಸಾದನ ಉಸಿರು ಅವಳ ಕಿವಿಗೆ ತಾಗುತ್ತಿತ್ತು. ಇಷ್ಟು ಹತ್ತಿರ ಬಂದು ಎಷ್ಟು ಕಾಲವಾಗಿತ್ತೋ.

ಮುಸ್ಸಂಜೆಗೆ ರಸ್ತೆ ಸಿಕ್ಕಿತು. ಎಲ್ಲರೂ ಕೆಸರಲ್ಲೇ ಕುಸಿದು ಕುಳಿತರು.

"ಅಹಮದಾಬಾದಿಗೇ ಹೋಗುವಾ ಅಲ್ವಾ?" ಗಣಪತಿ ಕೇಳಿದ. "ಲಾಭ ಪಂಚಮಿಗೆ ಪೂಜೆ ಮಾಡಿ ಹೋಟ್ಲು ತೆರೀಬೇಕಲ್ಲ." ದೀಪಾವಳಿ ಕಳೆದು ಗುಜರಾತಿನ ವ್ಯಾಪಾರಿಗಳೆಲ್ಲ ಬಾಗಿಲು ತೆರೆಯುವ ಆ ದಿನದ ಪೂಜೆಯನ್ನು ಹರಿಪ್ರಸಾದ ಒಂದು ವರ್ಷವೂ ತಪ್ಪಿಸಿದವನಲ್ಲ.

"ಈ ಸಲ ನೀನೇ ತೆರಿ," ಎಂದ ಹರಿಪ್ರಸಾದ. "ನಾನು ಇವಳೊಟ್ಟಿಗೆ ವಡೋದರಾಕ್ಕೆ." ಅವಳ ಕಡೆ ತಿರುಗಿದ. "ಎಲುಬು ಕೂಡ್ಲಿಕ್ಕೆ ಎಷ್ಟು ದಿನ ಬೇಕು?"

"ಆರು ವಾರ."

"ಸಾಕಾ ನಿನಗೆ?"

"ಸಾಲದು," ಎಂದಳು ಗಿರಿಜಾ.