ತಿಪ್ಪೆ ಪಕ್ಕದ ಮಣ್ಣು

ಗದ್ದೆಯ ಎಂಟು ಹತ್ತು ಕಡೆ ಬಗೆದು, ಬೆರೆಸಿ ಪರೀಕ್ಷೆಗೆ ತರಬೇಕಾದ ಮಣ್ಣನ್ನು ತಿಪ್ಪೆ ಪಕ್ಕದಿಂದ ತುಂಬಿಕೊಂಡು ಬಂದ ಮಹಾನುಭಾವ ಬಸವೇಶ. ರಿಪೋರ್ಟ್ ಚೆನ್ನಾಗಿ ಬಂದರೆ ಊರಲ್ಲಿ ಮೆರೆಯಬಹುದಲ್ಲ! ಮಾಂಬಳ್ಳಿಯ ಜಮೀನುದಾರರ ಬುದ್ಧಿ ಅಷ್ಟೇ.

ನಾನು ಕೊಳ್ಳೇಗಾಲದ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಕೆಮಿಸ್ಟ್. ಎಂ.ಎಸ್ಸಿ. ಮುಗಿಸಿ, ನಾಲ್ಕು ವರ್ಷ ಅರ್ಜಿ ಹಾಕಿ, ಮೂರು ಇಂಟರ್‌ವ್ಯೂಗಳಲ್ಲಿ ಮದುವೆ ಯಾವಾಗ ಎಂಬ ಘನ ಪ್ರಶ್ನೆಗೆ ಉತ್ತರಿಸಿ, ತೊಂಬತ್ತೆಂಟರಲ್ಲಿ ಗಿಟ್ಟಿಸಿದ ಸರ್ಕಾರಿ ಕೆಲಸ. ರಸಾಯನಶಾಸ್ತ್ರದ ಬಗ್ಗೆ ಕೇಳಲು ಯಾರಿಗೂ ಪುರುಸೊತ್ತಿರಲಿಲ್ಲ.

"ಇದ್ರಲ್ಲಿ ಭತ್ತ ಬೆಳೆಯಲ್ಲ, ಸಗಣಿ ಹುಳ ಬೆಳೀತವೆ," ಎಂದೆ. ಅವನು ತಲೆ ತಗ್ಗಿಸಿ ನಕ್ಕ. ರೆಪ್ಪೆಗಳು ಉದ್ದವಾಗಿದ್ದವು. ಅದನ್ನು ಗಮನಿಸಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಆಮೇಲೆ ಪ್ರತಿ ಗುರುವಾರ ಬಂದ. ಒಂದೇ ಗದ್ದೆಯ ಮಣ್ಣನ್ನು ಅಣ್ಣನ ಹೆಸರಲ್ಲಿ, ಚಿಕ್ಕಪ್ಪನ ಹೆಸರಲ್ಲಿ, ಕೊನೆಗೆ ತೀರಿಕೊಂಡ ತಾತನ ಹೆಸರಲ್ಲೂ ತಂದ. ಪರೀಕ್ಷೆಯಲ್ಲಿ ಎಲ್ಲದರ ಅಂಕಿಯೂ ಒಂದೇ. ಇಂಥ ಪೆದ್ದನಿಗೆ ಮನಸ್ಸು ಕೊಡುವುದುಂಟೇ ಎಂದು ಹಲ್ಲು ಕಚ್ಚಿದೆ. ಅಷ್ಟರಲ್ಲಿ ಕೊಟ್ಟಾಗಿತ್ತು. ಗುರುವಾರ ಬಂತೆಂದರೆ ಎರಡೆರಡು ಸಲ ಜಡೆ ಹೆಣೆಯುತ್ತಿದ್ದೆ.

ಮನೆಯಲ್ಲಿ ಅದು ಹೇಗೆ ಹೇಳಿದನೋ, ಒಂದು ದಿನ ಅವನಪ್ಪ ಶಿವಮಲ್ಲಪ್ಪನವರು ಮಗನನ್ನು ಕರೆದುಕೊಂಡು ಹೆಣ್ಣು ನೋಡಲು ನಮ್ಮ ಮನೆಗೆ ಬಂದರು. ಉಪ್ಪಿಟ್ಟು ಮುಗಿಸಿ, ನನ್ನ ಮುಖವನ್ನೂ ನೋಡದೆ, ನನ್ನಪ್ಪನಿಗೆ ಹೇಳಿದರು: ಲಗ್ನಪತ್ರಿಕೆಯಲ್ಲಿ ಶ್ರುತಿ ಎಂಬ ನನ್ನ ಹೆಸರಿನ ಕೆಳಗೆ ಸರ್ಕಾರಿ ಕೆಮಿಸ್ಟ್ ಎಂದು ಹಾಕಿಸೋಣ, ಮದುವೆಯಾದ ಮೇಲೆ ಕೆಲಸ ಬಿಡಿಸೋಣ.

ನನ್ನ ನಾಲ್ಕು ವರ್ಷದ ಒದ್ದಾಟ ಅವರಿಗೆ ಪತ್ರಿಕೆಯ ಅಲಂಕಾರ. ಬಸವೇಶ ನೆಲ ನೋಡುತ್ತ ಕೂತಿದ್ದ. ಆ ಕ್ಷಣ ಅವನಷ್ಟು ಹೇಡಿ ಇನ್ನೊಬ್ಬನಿಲ್ಲ ಅನ್ನಿಸಿತು.

"ಕೆಲ್ಸ ಬಿಡಲ್ಲ," ಎಂದೆ. "ನಿಮ್ಮ ಮಗ ಅಂದ್ರೆ ನಂಗೆ ಇಷ್ಟ. ಬಾಯಿದ್ರೆ ಅವ್ರೇ ಮಾತಾಡ್ಲಿ."

ಶಿವಮಲ್ಲಪ್ಪನವರು ಕಾಫಿ ಮುಟ್ಟದೆ ಎದ್ದರು. ಸಂಬಂಧ ಬೇಡವೆಂದು ಅದರಲ್ಲೇ ಹೇಳಿಯಾಯಿತು. ಮಗನಿಗೂ ಏಳಲು ಕಣ್ಸನ್ನೆ ಮಾಡಿದರು.

ಬಸವೇಶ ಏಳಲಿಲ್ಲ. ತನ್ನ ಲೋಟ ಎತ್ತಿ ಕುಡಿದ.

"ನೀವು ಓಗಿ ಅಪ್ಪಾಜಿ," ಎಂದ. "ಇವ್ರು ಕೆಲ್ಸಕ್ಕೆ ಓಗ್ಲಿ. ನಾನು ಕೊಳ್ಳೇಗಾಲ್ದಲ್ಲೇ ಮನೆ ಮಾಡ್ತೀನಿ. ಗದ್ದೆಗೆ ದಿನಾ ಬಸ್ಸತ್ತಿ ಬತ್ತೀನಿ."

ಅವರು ಹೊರಟುಹೋದರು. ಇಷ್ಟು ಹೇಳಲು ಇಷ್ಟು ಹೊತ್ತು ಬೇಕಿತ್ತೇ ಎಂದು ಬಸವೇಶನನ್ನು ಬೈಯಬೇಕೆಂದಿದ್ದೆ. ಬೈಯಲಾಗಲಿಲ್ಲ. ಅವನಪ್ಪ ಬಿಟ್ಟುಹೋದ ಕಾಫಿಯನ್ನು ಎತ್ತಿಕೊಂಡು, ಅವನ ಪಕ್ಕದಲ್ಲೇ ಕೂತು ಕುಡಿದೆ.