ಅಪ್ಪನ ಮೇಜು ಸೀಳಿದ್ದು

“ನಾನು ಒಡೆದಿಲ್ಲ,” ಪೋಪಿ ಮತ್ತೆ ಹೇಳಿದಳು.

“ಮತ್ತೆ ಅದೇ ಒಡ್ಕೊಂಡಿತಾ?” ಅಪ್ಪ ಸ್ಟಮಾಟಿಯ ಮುಖ ಕೆಂಪಾಗಿತ್ತು.

ಶೆಡ್ಡಿನಲ್ಲಿದ್ದ ಮರಗೆಲಸದ ಮೇಜು ಅಪ್ಪನೇ ಕೈಯಾರೆ ಮಾಡಿದ್ದು. ಅದರ ದಪ್ಪ ಹಲಗೆಯಲ್ಲಿ ಒಂದು ತುದಿಯಿಂದ ನಡುವಿನವರೆಗೂ ಬಿರುಕು. ಬಿರುಕಿನ ಪಕ್ಕದಲ್ಲೇ ಪೋಪಿಯ ಸುತ್ತಿಗೆ ಬಿದ್ದಿತ್ತು.

“ನಿನ್ನೆ ಇದರ ಮೇಲೆ ಕುಟ್ತಾ ಇದ್ದದ್ದು ಯಾರು?”

“ನನ್ನ ಆಟದ ಗಾಡಿಗೆ ಮೊಳೆ ಹೊಡೆದೆ. ಅಷ್ಟೇ.”

“ಇನ್ಮೇಲೆ ಶೆಡ್ಡಿಗೆ ಕಾಲಿಡಬೇಡ. ಭಾನುವಾರ ದೋಣೀಲೂ ನಿನಗೆ ಜಾಗ ಇಲ್ಲ. ಮೀನು ಹಿಡಿಯೋಕೆ ನಾನೊಬ್ಬನೇ ಹೋಗ್ತೀನಿ.”

ಪೋಪಿಯ ಕಿವಿ ಬಿಸಿಯಾಯಿತು. “ನೀನು ಕೇಳೋದೇ ಇಲ್ಲ. ಬರೀ ಬಯ್ತೀಯ.”

“ಬಾಯಿ ಮುಚ್ಚು.”

ಟಪ್.

ಇಬ್ಬರೂ ತಿರುಗಿ ನೋಡಿದರು. ಮೇಜಿನ ಹತ್ತಿರ ಯಾರೂ ಇರಲಿಲ್ಲ. ಹಲಗೆಯ ಇನ್ನೊಂದು ತುದಿಯಲ್ಲಿ ಕೂದಲಿನಷ್ಟು ತೆಳುವಾದ ಹೊಸ ಬಿರುಕು.

ಪೋಪಿ ಎರಡೂ ಕೈ ಮೇಲೆತ್ತಿದಳು. “ಇದೂ ನಾನೇನಾ?”

ಅಪ್ಪ ಬಗ್ಗಿ ಬಿರುಕು ನೋಡಿದ. ಮೇಜಿನ ಕೆಳಗೆ ತೂರಿದ. ತುಂಬಾ ಹೊತ್ತು ಅವನ ಚಪ್ಪಲಿ ಮಾತ್ರ ಕಾಣುತ್ತಿತ್ತು.

“ಸ್ಕ್ರೂ ಎಲ್ಲಾ ವಾಲ್ಕೊಂಡಿವೆ,” ಕೆಳಗಿನಿಂದ ದನಿ ಬಂತು. “ಇದನ್ನ ಮಾಡಿದ್ದು ಮಳೆಗಾಲದಲ್ಲಿ. ಆಗ ಮರ ನೀರು ಕುಡಿದು ಉಬ್ಬಿತ್ತು. ಈಗ ನಮ್ಮ ಡಾರ್ವಿನ್ ಊರಿನ ಒಣಗಾಳಿ. ಹಲಗೆ ಅಗಲದಲ್ಲಿ ಕುಗ್ತಾ ಇದೆ. ನಾನು ನೋಡಿದ್ರೆ ಅದನ್ನ ಕೆಳಗಿನ ಅಡ್ಡಪಟ್ಟಿಗೆ ಅಲ್ಲಾಡದ ಹಾಗೆ ಬಿಗಿದಿಟ್ಟಿದ್ದೀನಿ. ಕುಗ್ಗೋಕೆ ಜಾಗ ಇಲ್ದೆ ಸೀಳಿದೆ.” ಪಟ್ಟಿ ತಟ್ಟಿ ಹೇಳಿದ, “ಪಟ್ಟೀಲಿ ಉದ್ದ ತೂತು ಕೊರೀಬೇಕಿತ್ತು, ಸ್ಕ್ರೂ ಆಚೀಚೆ ಜರುಗೋ ಹಾಗೆ. ಅವಸರ ಮಾಡ್ದೆ.”

ಅವನು ಹೊರಬಂದಾಗ ತಲೆಯ ತುಂಬಾ ಧೂಳು. “ಆ ಡ್ರಿಲ್ ಕೊಡು. ಸರಿ ಮಾಡೋಣ.”

ಪೋಪಿ ಅಲ್ಲಾಡಲಿಲ್ಲ.

“ಏನು?”

“ಮೇಜಿಗೆ ಏನಾಯ್ತು ಅಂತ ಹೇಳಿದೆ. ನನಗೆ ಏನೂ ಹೇಳಲಿಲ್ಲ.”

ಅಪ್ಪ ಗಡ್ಡ ಕೆರೆದುಕೊಂಡ. ಬಾಗಿಲ ಕಡೆ ನೋಡಿದ. ಕೊನೆಗೆ ಅವಳ ಮುಖ ನೋಡಿದ.

“ನೀನು ಒಡೆದಿರಲಿಲ್ಲ. ನಿನ್ನ ಮಾತು ಕೇಳಬೇಕಿತ್ತು. ತಪ್ಪಾಯ್ತು, ಪೋಪಿ.”

“ಮತ್ತೆ ದೋಣಿ?”

“ಬಾ.”

ಪೋಪಿ ಡ್ರಿಲ್ ಎತ್ತಿ ಕೊಟ್ಟಳು. ‘ತಪ್ಪಾಯ್ತು’ ಅಂದ ಕೂಡಲೇ ಕೋಪ ಹೋಗಿಬಿಡುತ್ತದೆ ಅಂದುಕೊಂಡಿದ್ದಳು. ಅದು ಇನ್ನೂ ಅಲ್ಲೇ ಇತ್ತು.

ಅಪ್ಪ ಮತ್ತೆ ಮೇಜಿನ ಕೆಳಗೆ ತೂರಿದ. ಅವಳೂ ತೂರಿ ಪಕ್ಕದಲ್ಲಿ ಮಲಗಿದಳು. ಮುಖ ಗಂಟಿಕ್ಕಿಕೊಂಡೇ ಟಾರ್ಚ್ ಹಿಡಿದಳು. ಬೆಳಕು ಮಾತ್ರ ಅಪ್ಪನ ಕಣ್ಣಿಗೆ ಬೀಳದ ಹಾಗೆ ನೋಡಿಕೊಂಡಳು.